ಬಿಎಸ್ಸಿ ಮಕ್ಕಳಿಗೆ ಸೀನಿಯರ್‌ಗಳ ಜೊತೆ ಗುಂಪು ಕಲಿಕೆ: ಯಾರಾದರೂ ಮಾಡಿಸಿದ್ದೀರಾ?

ಕೆಮಿಸ್ಟ್ರಿ ಮೇಡಂ

ನಮ್ಮದು ತಾಲ್ಲೂಕು ಊರಿನ ಡಿಗ್ರಿ ಕಾಲೇಜು. ಮೊದಲನೇ ಸೆಮಿಸ್ಟರ್ ಕೆಮಿಸ್ಟ್ರಿಗೆ 68 ಮಕ್ಕಳು. ಹೆಚ್ಚಿನವರು ಎಸ್ಸೆಸ್ಸೆಲ್ಸಿ ತನಕ ಕನ್ನಡ ಮಾಧ್ಯಮ. ಕ್ಲಾಸಿನಲ್ಲಿ "ಅರ್ಥ ಆಯ್ತಾ?" ಅಂದರೆ ಎಲ್ಲರೂ ತಲೆ ಆಡಿಸುತ್ತಾರೆ. ಟೆಸ್ಟ್‌ನಲ್ಲಿ ಮೋಲ್ ಲೆಕ್ಕ (ಡಜನ್ ಥರ, ಅಣುಗಳನ್ನು ದೊಡ್ಡ ಗುಂಪಾಗಿ ಎಣಿಸುವುದು) ಬಂತೋ, ಅರ್ಧ ಕ್ಲಾಸು ಆ ಪ್ರಶ್ನೆಯನ್ನೇ ಬಿಟ್ಟಿರುತ್ತದೆ.

ಅದಕ್ಕೇ ಎರಡನೇ ವರ್ಷದ ಜಾಣ ಮಕ್ಕಳನ್ನು ಲೀಡರ್ ಮಾಡಿ, ವಾರಕ್ಕೊಂದು ಸಂಜೆ ಸಣ್ಣ ಗುಂಪುಗಳಲ್ಲಿ ಲೆಕ್ಕ ಮಾಡಿಸಲು ಶುರು ಮಾಡಿದೆ. ಆಗುತ್ತಿರುವುದೇ ಬೇರೆ. ಲೀಡರ್ ಬೋರ್ಡಿನ ಮುಂದೆ ನಿಂತು ಉತ್ತರ ಬರೆಯುತ್ತಾನೆ, ಉಳಿದವರು ಇಳಿಸಿಕೊಳ್ಳುತ್ತಾರೆ. ನನ್ನ ಕ್ಲಾಸೇ ಇನ್ನೊಂದು ಸಲ ನಡೆದ ಹಾಗೆ. ನಾಲ್ಕೂವರೆ ಬಸ್ಸು ತಪ್ಪುತ್ತದೆ ಅಂತ ಹಳ್ಳಿ ಕಡೆಯ ಹುಡುಗಿಯರು ಅರ್ಧಕ್ಕೇ ಏಳುತ್ತಾರೆ. ಮಾಡಿ ನೋಡಿದವರು ಇದ್ದರೆ ದಾರಿ ಹೇಳಿ.

ಹಳೇ ಲೀಡರ್

ಮೇಡಂ, ನಾನು ಮೈಸೂರಿನಲ್ಲಿ ಪಿಯುಸಿ ಮುಗಿಸಿ ಡಿಗ್ರಿಗೆ ಅಮೆರಿಕಕ್ಕೆ ಬಂದವಳು. ಇಲ್ಲಿ ಜನರಲ್ ಕೆಮಿಸ್ಟ್ರಿಗೆ ಇಂಥದೇ ಲೀಡರ್ ಆಗಿದ್ದೆ. ಈ ಪದ್ಧತಿಗೆ ಪಿಎಲ್‌ಟಿಎಲ್ (ಪಿಯರ್-ಲೆಡ್ ಟೀಮ್ ಲರ್ನಿಂಗ್, ಅಂದರೆ ವಿದ್ಯಾರ್ಥಿಯೇ ಮುಂದಾಳಾಗಿ ನಡೆಸುವ ಗುಂಪು ಕಲಿಕೆ) ಅಂತಾರೆ. 1990ರ ದಶಕದ ಶುರುವಿನಲ್ಲಿ ನ್ಯೂಯಾರ್ಕಿನ ಸಿಟಿ ಕಾಲೇಜಿನಲ್ಲಿ, ಅದೂ ಕೆಮಿಸ್ಟ್ರಿಯಲ್ಲೇ ಹುಟ್ಟಿದ್ದು. ಗುಂಪಿಗೆ 6ರಿಂದ 8 ಜನ, ವಾರಕ್ಕೆ ಒಂದೂವರೆ ಎರಡು ಗಂಟೆ.

ನಿಮ್ಮ ಲೀಡರ್‌ದೇನೂ ತಪ್ಪಿಲ್ಲ. ಗೊತ್ತಿರುವವನ ಕೈಗೆ ಚಾಕ್‌ಪೀಸ್ ಕೊಟ್ಟರೆ ಪಾಠವನ್ನೇ ಮಾಡುತ್ತಾನೆ. ನಮ್ಮಲ್ಲಿ ಲೀಡರ್ ಚಾಕ್ ಮುಟ್ಟುವ ಹಾಗೇ ಇರಲಿಲ್ಲ. ಉತ್ತರಗಳ ಹಾಳೆ ಯಾರಿಗೂ ಕೊಡುತ್ತಿರಲಿಲ್ಲ, ನಮಗೂ ಇಲ್ಲ. ಬದಲಿಗೆ ಪ್ರತಿ ವಾರ ಪ್ರೊಫೆಸರ್ ಲೀಡರ್‌ಗಳನ್ನೆಲ್ಲ ಕೂರಿಸಿ ಆ ವಾರದ ಲೆಕ್ಕ ನಮ್ಮ ಕೈಯಲ್ಲೇ ಮಾಡಿಸುತ್ತಿದ್ದರು. ಮಕ್ಕಳು ಎಲ್ಲಿ ಎಡವುತ್ತಾರೆ, ಆಗ ಏನು ಕೇಳಬೇಕು ಅನ್ನುವುದೇ ಅಲ್ಲಿನ ಮಾತು. ನೀವು ಈ ಮೀಟಿಂಗ್ ಬಗ್ಗೆ ಬರೆದೇ ಇಲ್ಲ. ಬೇರೆ ಏನು ಬಿಟ್ಟರೂ ಇದನ್ನು ಬಿಡಬೇಡಿ.

ಇನ್ನು ಲೆಕ್ಕ. ಸೂತ್ರಕ್ಕೆ ಹಾಕಿದರೆ ಮುಗಿಯುವುದಕ್ಕೆ ಗುಂಪು ಯಾಕೆ? ಜಗಳ ಹುಟ್ಟಿಸುವಂಥದ್ದು ಕೊಡಿ. 5 ಗ್ರಾಂ ಹೈಡ್ರೋಜನ್, 32 ಗ್ರಾಂ ಆಕ್ಸಿಜನ್ ಸೇರಿ ನೀರಾಗುತ್ತದೆ (2H₂ + O₂ → 2H₂O). ಯಾವುದು ಮೊದಲು ಖಾಲಿಯಾಗುತ್ತದೆ? "5 ಗ್ರಾಂ ಕಡಿಮೆ ಅಲ್ವಾ, ಹೈಡ್ರೋಜನ್ನೇ" ಅಂತ ಒಬ್ಬ ಅಂದೇ ಅನ್ನುತ್ತಾನೆ. ಲೀಡರ್ "ತಪ್ಪು" ಅನ್ನಬಾರದು. "ಸಮೀಕರಣದಲ್ಲಿರುವ 2 ಗ್ರಾಮೋ ಮೋಲೋ?" ಅಂತ ಕೇಳಿ ಸುಮ್ನೆ ಕೂರಬೇಕು. ಒಂದು ಮೋಲ್ ಹೈಡ್ರೋಜನ್ 2 ಗ್ರಾಂ, ಒಂದು ಮೋಲ್ ಆಕ್ಸಿಜನ್ 32 ಗ್ರಾಂ ಅಂತ ಯಾರೋ ಒಬ್ಬರು ಮೋಲಿಗೆ ತಿರುಗಿಸುತ್ತಾರೆ: ಹೈಡ್ರೋಜನ್ 2.5, ಆಕ್ಸಿಜನ್ 1. ಒಂದು ಮೋಲ್ ಆಕ್ಸಿಜನ್‌ಗೆ ಬೇಕಾದದ್ದು ಎರಡೇ ಮೋಲ್ ಹೈಡ್ರೋಜನ್. ಅಂದಮೇಲೆ ಖಾಲಿಯಾಗುವುದು ಆಕ್ಸಿಜನ್, 1 ಗ್ರಾಂ ಹೈಡ್ರೋಜನ್ ಹಾಗೇ ಮಿಗುತ್ತದೆ. ನೀರು ಎಷ್ಟು ಗ್ರಾಂ ಅಂತ ಈಗ ಆ ಮೊದಲನೆಯವನನ್ನೇ ಕೇಳಬೇಕು. 36 ಅಂತ ಅವನ ಬಾಯಲ್ಲೇ ಬರಲಿ.

ಆ ಸುಮ್ಮನೆ ಕೂರುವುದಿದೆಯಲ್ಲ, ಅದೇ ಕಷ್ಟ. ನಾಲಿಗೆ ತುರಿಸುತ್ತದೆ. ಕ್ಲಾಸಿಗೇ ಫಸ್ಟ್ ಬರುವವರಿಗಂತೂ ಇನ್ನೂ ಜಾಸ್ತಿ. ಒದ್ದಾಡಿ ಕಲಿತು ಒಳ್ಳೆ ಮಾರ್ಕ್ಸ್ ತೆಗೆದವರನ್ನು ಆರಿಸಿ.

ಫಿಸಿಕ್ಸ್ ಮೇಷ್ಟ್ರು

ಲೀಡರ್, ರೂಮು, ಮೀಟಿಂಗ್... ಇಷ್ಟೆಲ್ಲ ನಮ್ಮ ಕಾಲೇಜುಗಳಲ್ಲಿ ಎಲ್ಲಿಂದ ತರೋದು? ಹಾರ್ವರ್ಡ್‌ನ ಫಿಸಿಕ್ಸ್ ಪ್ರೊಫೆಸರ್ ಎರಿಕ್ ಮಜೂರ್ 1991ರಲ್ಲಿ ಶುರು ಮಾಡಿದ ವಿಧಾನ ನೋಡಿ, ಕ್ಲಾಸಿನೊಳಗೇ ಆಗುತ್ತದೆ. ಒಂದು ಪ್ರಶ್ನೆ, ನಾಲ್ಕು ಆಯ್ಕೆ. ಎಲ್ಲರೂ ಕಾರ್ಡ್ ಎತ್ತಬೇಕು. ಸರಿ ಉತ್ತರ ಶೇ. 30ರಿಂದ 70ರೊಳಗೆ ಇದ್ದರೆ ಪಕ್ಕದವರ ಜೊತೆ ಎರಡು ನಿಮಿಷ ವಾದ ಮಾಡಿ ಮತ್ತೆ ಎತ್ತಿಸುವುದು. ನಾನು ಹಳೇ ಮದುವೆ ಕಾಗದ ಕತ್ತರಿಸಿ ಎ, ಬಿ, ಸಿ, ಡಿ ಬರೆಸಿದ್ದೇನೆ. ಪಕ್ಕದವನದು ನೋಡಿ ಎತ್ತುತ್ತಾರೆ ಅಂತ ಮೊದಲ ಸಲ ಕಣ್ಣು ಮುಚ್ಚಿಸುತ್ತೇನೆ.

ಮೂರನೇ ವರ್ಷದ ಹುಡುಗ

ಸರ್, ಎರಡು ನಿಮಿಷದಲ್ಲಿ ನಮ್ಮಂಥವರು ಬಾಯಿ ಬಿಡಲ್ಲ. ನಮ್ಮ ಕಾಲೇಜಿನಲ್ಲಿ ಒಂದು ವರ್ಷ ಇಂಥ ಗುಂಪು ಇತ್ತು. "ಅಣ್ಣ, ಈ ಮೋಲ್ ಅಂದ್ರೇನು, ತೂಕಾನಾ ಎಣಿಕೇನಾ?" ಅಂತ ನಾನು ಕೇಳಿದ್ದು ಅಲ್ಲೇ. ಕ್ಲಾಸಿನಲ್ಲಿ ಇಂಗ್ಲಿಷ್‌ನಲ್ಲಿ ಕೇಳಬೇಕು ಅಂತ ಸೆಮಿಸ್ಟರ್ ಪೂರ್ತಿ ಸುಮ್ಮನಿದ್ದೆ.

ಮೇಡಂ, ಸಂಜೆ ಬೇಡ. ಪ್ರಾಕ್ಟಿಕಲ್ ದಿನ ಟೈಟ್ರೇಶನ್ ಬೇಗ ಮುಗಿಯುತ್ತದೆ. ಆಮೇಲೆ ಎಲ್ಲರೂ ಪಕ್ಕದವರ ರೆಕಾರ್ಡ್ ನೋಡಿ ಬರೆಯುತ್ತಾ ಕೂತಿರುತ್ತೇವೆ. ಆ ಹೊತ್ತಿಗೆ ಇಟ್ಟುಕೊಳ್ಳಿ.

ಕೆಮಿಸ್ಟ್ರಿ ಮೇಡಂ

ಪ್ರಾಕ್ಟಿಕಲ್ ಹೊತ್ತು ನನಗೆ ಹೊಳೆದೇ ಇರಲಿಲ್ಲ! ಬ್ಯಾಚ್ ಹೇಗೂ ಚಿಕ್ಕದು, ಎರಡು ಮೂರು ಗುಂಪಾಗುತ್ತದೆ. ಮೇಷ್ಟ್ರೇ, ನಿಮ್ಮ ಕಾರ್ಡ್ ಉಪಾಯ ಥಿಯರಿ ಕ್ಲಾಸಿಗೆ ಇಟ್ಟುಕೊಳ್ಳುತ್ತೇನೆ. ಲೀಡರ್‌ಗಳ ಮೀಟಿಂಗ್ ಶುಕ್ರವಾರ ಊಟದ ಹೊತ್ತಿಗೆ ಮಾಡುತ್ತೇನೆ. ಆದರೆ ಅವರಿಗೆ ದುಡ್ಡು ಕೊಡೋಕೆ ಆಗಲ್ಲ. ಸರ್ಟಿಫಿಕೇಟ್ ಸಾಕಾಗುತ್ತಾ?

ಹಳೇ ಲೀಡರ್

ನಮಗೆ ಸ್ವಲ್ಪ ಸ್ಟೈಪೆಂಡ್ ಸಿಗುತ್ತಿತ್ತು. ನಿಮ್ಮಲ್ಲಿ ಸರ್ಟಿಫಿಕೇಟ್ ಕೊಡಿ, ಅದರಲ್ಲಿ ಏನು ಕೆಲಸ ಮಾಡಿದರು ಅಂತ ಎರಡು ಸಾಲು ಬಿಡಿಸಿ ಬರೆಯಿರಿ. ಎಂಎಸ್ಸಿಗೋ ಬಿಎಡ್‌ಗೋ ಹೋಗುವಾಗ ತೋರಿಸಿಕೊಳ್ಳಲು ಆಗುತ್ತದೆ. ಊಟದ ಹೊತ್ತು ಅಂದರೆ ಡಬ್ಬಿ ತರದವರೂ ಇರುತ್ತಾರೆ, ಚಿತ್ರಾನ್ನವೋ ಏನೋ ತರಿಸಿ.