ಪದಚರ್ಚೆ: ಕಾಲಂ ಸೆಲೆಕ್ಷನ್‌ಗೆ ಅಂಕಣ, ಮಲ್ಟಿ ಕರ್ಸರ್‌ಗೆ ಕೂರಿಗೆ ಆಗಬಹುದೇ?

ಗೆಳೆಯರೇ, ನಮಸ್ಕಾರ.

ಎರಡು ಪದಗಳ ಬಗ್ಗೆ ನಿಮ್ಮ ಅಭಿಪ್ರಾಯ ಬೇಕಾಗಿದೆ. ಕಲಬುರಗಿಯಲ್ಲಿ ಸಂಜೆ ಹೊತ್ತು ಡಿಗ್ರಿ ಓದುವ ಹುಡುಗ ಹುಡುಗಿಯರಿಗೆ ಪ್ರೋಗ್ರಾಮಿಂಗ್ ಹೇಳಿಕೊಡುತ್ತೇನೆ. ಹೆಚ್ಚಿನವರು ಹತ್ತನೇ ತರಗತಿವರೆಗೆ ಕನ್ನಡದಲ್ಲೇ ಓದಿದವರು. ಅವರಿಗಾಗಿ ಕೋಡ್ ಎಡಿಟರ್ (ಪ್ರೋಗ್ರಾಂ ಬರೆಯುವ ತಂತ್ರಾಂಶ) ಬಳಸುವ ಬಗ್ಗೆ ಕನ್ನಡದಲ್ಲಿ ಒಂದು ಸಣ್ಣ ಟಿಪ್ಪಣಿ ಬರೆಯುತ್ತಿದ್ದೇನೆ. ಕಾಪಿ, ಪೇಸ್ಟ್, ಫೈಲ್, ಕರ್ಸರ್ ಎಲ್ಲ ಹಾಗೇ ಇವೆ. ಅವು ಎಲ್ಲರಿಗೂ ಗೊತ್ತಿರುವ ಮಾತುಗಳೇ. ನಾನು ನಿಂತಿರುವುದು ಕಾಲಂ ಸೆಲೆಕ್ಷನ್ (ಹಲವು ಸಾಲುಗಳ ಒಂದೊಂದು ತುಂಡನ್ನು ಮೇಲಿನಿಂದ ಕೆಳಗೆ ಹಿಡಿಯುವುದು) ಮತ್ತು ಮಲ್ಟಿ ಕರ್ಸರ್ (ಒಂದೇ ಸಲ ಹಲವು ಕಡೆ ಟೈಪ್ ಮಾಡುವುದು) ಹತ್ತಿರ.

ಮೊದಲು ಬರೀ ಕೀಲಿಗಳನ್ನು ಬರೆದಿದ್ದೆ, ಹೆಸರು ಕೊಟ್ಟಿರಲಿಲ್ಲ. ಅದು ಕೈಕೊಟ್ಟಿತು. ನಮ್ಮ ಕ್ಲಾಸಿನಲ್ಲಿ ಲಿನಕ್ಸ್ ಇದೆ. ಅಲ್ಲಿ ವಿಎಸ್ ಕೋಡ್ ಎಂಬ ಎಡಿಟರ್‌ನಲ್ಲಿ ಶಿಫ್ಟ್ ಮತ್ತು ಆಲ್ಟ್ ಹಿಡಿದು ಕೆಳಬಾಣ ಒತ್ತಿದರೆ ಕೆಳಗಿನ ಸಾಲಿನಲ್ಲಿ ಇನ್ನೊಂದು ಕರ್ಸರ್ ಬರುತ್ತದೆ. ಒಬ್ಬ ಹುಡುಗ ಮನೆಗೆ ಹೋಗಿ ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಅದನ್ನೇ ಒತ್ತಿದ. ಕರ್ಸರ್ ಬರಲಿಲ್ಲ, ಇದ್ದ ಸಾಲೇ ಕೆಳಗೆ ಇನ್ನೊಂದು ಸಲ ಬಂತು. ವಿಂಡೋಸ್‌ನಲ್ಲಿ ಆ ಕೀಲಿ ಸಾಲನ್ನು ನಕಲು ಮಾಡುತ್ತದೆ. ಕರ್ಸರ್ ಸೇರಿಸಲು ಕಂಟ್ರೋಲ್, ಆಲ್ಟ್ ಮತ್ತು ಕೆಳಬಾಣ ಬೇಕು. ಮರುದಿನ ಬಂದು, 'ಸರ್, ಅದಕ್ಕ ಏನಂತಾರ? ಹೆಸರ ಗೊತ್ತಿದ್ರ ನಾನೇ ಹುಡುಕ್ತಿದ್ದೆ' ಅಂದ. ಅವನ ಮಾತು ಸರಿ. ಕೀಲಿ ಯಂತ್ರದಿಂದ ಯಂತ್ರಕ್ಕೆ ಬದಲಾಗುತ್ತದೆ, ಕೆಲಸ ಬದಲಾಗುವುದಿಲ್ಲ. ಹೆಸರು ಬೇಕಾಗಿರುವುದು ಕೆಲಸಕ್ಕೆ.

'ಬಹುಸಾಲು ಆಯ್ಕೆ' ಎಂದು ಬರೆದು ನೋಡಿದೆ. ಒಂದೇ ದಿನದಲ್ಲಿ ಅಳಿಸಿದೆ. ಎರಡನೇ ಸಾಲಿನಿಂದ ಆರನೇ ಸಾಲಿನವರೆಗೆ ಸುಮ್ನೆ ಮೌಸ್ ಎಳೆದರೂ ಅದು ಬಹುಸಾಲು ಆಯ್ಕೆಯೇ ಅಲ್ವಾ? ಅಲ್ಲಿ ಸಾಲುಗಳು ಅಡ್ಡಕ್ಕೆ ಪೂರ್ತಿ ಸಿಗುತ್ತವೆ. ಕಾಲಂ ಸೆಲೆಕ್ಷನ್ ಹಾಗಲ್ಲ. ಶಿಫ್ಟ್, ಆಲ್ಟ್ ಹಿಡಿದು ಎಳೆದರೆ ಪ್ರತಿ ಸಾಲಿನಿಂದ ನಡುವಿನ ಒಂದು ತುಂಡು ಮಾತ್ರ ಮೇಲಿನಿಂದ ಕೆಳಗೆ ಸಿಗುತ್ತದೆ. ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನಲ್ಲಿ ಇದಕ್ಕೆ ಆಲ್ಟ್ ಒಂದೇ ಸಾಕು. ಮಲ್ಟಿ ಕರ್ಸರ್ ಮೂರನೆಯದು. ಅಲ್ಲಿ ಏನನ್ನೂ ಹಿಡಿಯಬೇಕಿಲ್ಲ, ಹಲವು ಕಡೆ ಕರ್ಸರ್ ನಿಂತಿರುತ್ತದೆ, ಒಂದು ಸಲ ಟೈಪ್ ಮಾಡಿದ್ದು ಎಲ್ಲ ಕಡೆ ಬೀಳುತ್ತದೆ. ಮೂರನ್ನೂ 'ಆಯ್ಕೆ' ಎಂಬ ಒಂದೇ ಚೀಲಕ್ಕೆ ತುಂಬಿದರೆ ಹುಡುಗರಿಗೆ ಗೊಂದಲ ಜಾಸ್ತಿ ಆಗುತ್ತದೆ.

ಇಂಗ್ಲಿಷಿನಲ್ಲೂ ಎಲ್ಲ ಎಡಿಟರ್‌ಗಳಲ್ಲಿ ಇದಕ್ಕೆ ಒಂದೇ ಹೆಸರಿಲ್ಲ. ವಿಎಸ್ ಕೋಡ್ ಕಾಲಂ ಎನ್ನುತ್ತದೆ, ವಿಮ್ ಬ್ಲಾಕ್ ಎನ್ನುತ್ತದೆ, ಈಮ್ಯಾಕ್ಸ್ ರೆಕ್ಟ್ಯಾಂಗಲ್ ಎನ್ನುತ್ತದೆ. ಹಾಗಾಗಿ ಪದಕ್ಕೆ ಪದ ಇಡದೆ ಆ ಕೆಲಸವನ್ನು ನೋಡಿ ಹೆಸರಿಡುವುದೇ ಒಳ್ಳೆಯದು ಅನ್ನಿಸಿತು.

ಕಾಲಂ ಎಂದೇ ಬಿಡಬಹುದು. ಪಹಣಿ ಹಿಡಿದು ಓಡಾಡುವ ಯಾವ ರೈತನಿಗೂ ಆ ಪದ ಹೊಸದಲ್ಲ. ಒಂಬತ್ತನೇ ಕಾಲಂನಲ್ಲಿ ಯಾರ ಹೆಸರಿದೆ, ಹನ್ನೊಂದನೇ ಕಾಲಂನಲ್ಲಿ ಸಾಲ ಇದೆಯಾ ಎಂದು ಕೇಳುವವರೇ ಎಲ್ಲ. ಆದರೆ ಪಹಣಿಯಲ್ಲಿ ಗೆರೆ ಎಳೆದಿರುತ್ತದೆ, ಕೋಡಿನಲ್ಲಿ ಗೆರೆ ಇಲ್ಲ. ಮೇಲಾಗಿ ಎಡಿಟರಿನ ಕೆಳಗೆ ಸಾಲು ಇಷ್ಟು, ಕಾಲಂ ಇಷ್ಟು ಎಂದು ತೋರಿಸುವಾಗ ಕಾಲಂ ಎಂದರೆ ಸಾಲಿನಲ್ಲಿ ಎಷ್ಟನೇ ಜಾಗ ಎಂದರ್ಥ. ಆ ಕೆಲಸಕ್ಕೆ ಅದು ಇರಲಿ.

ಸ್ತಂಭ, ಕಂಬಸಾಲು ಎಂದು ಬಳಸುವವರಿದ್ದಾರೆ. ಇಲ್ಲಿ ನನಗೊಂದು ತಕರಾರಿದೆ. ಆಳಂದ ಕಡೆಯ ನಮ್ಮೂರಲ್ಲಿ ಹಳೆಯ ಮನೆಗಳ ಅಳತೆ ಹೇಳುತ್ತಿದ್ದುದೇ ಅಂಕಣದಲ್ಲಿ. ಎರಡು ಕಂಬಗಳ ನಡುವಿನ ಜಾಗ ಒಂದು ಅಂಕಣ. ಕಾಳಿನ ಚೀಲ ಇಡುವುದು ಅಂಕಣದಲ್ಲಿ, ದನ ಕಟ್ಟುವುದು ಅಂಕಣದಲ್ಲಿ. ಕಂಬದಲ್ಲಿ ಯಾರೂ ಏನೂ ಇಡುವುದಿಲ್ಲ. ಎಡಿಟರಿನಲ್ಲಿ ನಾವು ಹಿಡಿಯುವುದೂ ಎರಡು ಅಂಚುಗಳ ನಡುವಿನ ಜಾಗವನ್ನೇ. ಆದ್ದರಿಂದ ನನ್ನ ಮನಸ್ಸು 'ಅಂಕಣ ಹಿಡಿ' ಕಡೆಗಿದೆ. ಅಂಕಣ ಅಂದರೆ ಪತ್ರಿಕೆಯಲ್ಲಿ ವಾರಕ್ಕೊಮ್ಮೆ ಬರುವ ಬರಹ ಎಂಬ ಅರ್ಥವೇ ಈಗ ಮುಂದೆ ಬರುತ್ತದೆ, ಅದು ಗೊತ್ತು. ಪತ್ರಿಕೆಯದೂ ಮೊದಲು ಪುಟದ ಮೇಲಿನ ಜಾಗವೇ. ಬೀದರಿನ ಗೆಳೆಯರೊಬ್ಬರು ತಮ್ಮ ಮನೆಯಲ್ಲಿ ಇದಕ್ಕೆ 'ಖಣ' ಎನ್ನುತ್ತಾರೆ ಎಂದರು. ಚಿಕ್ಕ ಪದ, ಬಾಯಿಗೆ ಹಗುರ. ಆದರೆ ಖಣ ಎಂದರೆ ನಮ್ಮ ಹೆಣ್ಣುಮಕ್ಕಳಿಗೆ ಮೊದಲು ನೆನಪಾಗುವುದು ಕುಪ್ಪಸದ ಬಟ್ಟೆ.

ಇನ್ನು ಮಲ್ಟಿ ಕರ್ಸರ್. ಅದಕ್ಕೆ 'ಕೂರಿಗೆ' ಎಂಬ ಪದ ನನ್ನದಲ್ಲ, ಕ್ಲಾಸಿನಲ್ಲಿ ಸಿಕ್ಕಿದ್ದು. ಕಲಬುರಗಿ ಜಿಲ್ಲೆಯ 11 ತಾಲೂಕುಗಳ ಹೆಸರನ್ನು ಒಂದು ಸಾಲಿಗೆ ಒಂದರಂತೆ ಬರೆಸಿದ್ದೆ. ಅಫಜಲಪುರ, ಆಳಂದ, ಕಮಲಾಪುರ, ಕಲಬುರಗಿ, ಕಾಳಗಿ, ಚಿಂಚೋಳಿ, ಚಿತ್ತಾಪುರ, ಜೇವರ್ಗಿ, ಯಡ್ರಾಮಿ, ಶಹಾಬಾದ, ಸೇಡಂ. ಪ್ರತಿ ಹೆಸರಿನ ಎರಡೂ ಕಡೆ ಉದ್ಧರಣ ಚಿಹ್ನೆ, ಕೊನೆಗೆ ಅಲ್ಪವಿರಾಮ ಹಾಕಬೇಕಿತ್ತು. ಒಬ್ಬಳು ಒಂದೊಂದೇ ಸಾಲಿಗೆ ಹೋಗಿ ಹಾಕುತ್ತಿದ್ದಳು. ನಾನು ಎಲ್ಲ ಸಾಲು ಹಿಡಿಸಿ, ಶಿಫ್ಟ್, ಆಲ್ಟ್ ಜೊತೆ ಐ ಒತ್ತಿಸಿದೆ. ಹನ್ನೊಂದು ಸಾಲಿನ ಕೊನೆಯಲ್ಲೂ ಕರ್ಸರ್ ಮಿಣುಕಿತು. ಚಿಹ್ನೆ ಮತ್ತು ಅಲ್ಪವಿರಾಮ ಒಂದು ಸಲ ಹೊಡೆದಳು. ಹೋಮ್ ಕೀಲಿ ಒತ್ತಿ ಮುಂದಿನ ಚಿಹ್ನೆ ಹೊಡೆದಳು. ಮುಗಿಯಿತು. ಅವಳು ಪರದೆಯನ್ನೇ ನೋಡುತ್ತಾ, 'ಇದು ಕೂರಿಗಿ ಇದ್ದಂಗ ಅದ ರೀ ಸರ್' ಅಂದಳು.

ಕೂರಿಗೆ ಬಿತ್ತುವುದನ್ನು ನೋಡಿದವರಿಗೆ ಇದಕ್ಕಿಂತ ಹೆಚ್ಚು ವಿವರಣೆ ಬೇಡ. ಮೇಲೆ ಒಂದು ಬಟ್ಟಲು, ಅದರಿಂದ ಇಳಿಯುವ ಕೊಳವೆಗಳು, ಕೆಳಗೆ ನೆಲ ಸೀಳಿ ಕಾಳು ಬಿಡುವ ತಾಳುಗಳು. ನಮ್ಮವ್ವ ಹಿಂದೆ ನಡೆಯುತ್ತಾ ಮುಷ್ಟಿಯಿಂದ ಬಟ್ಟಲಿಗೆ ತೊಗರಿ ಬಿಡುತ್ತಿದ್ದಳು. ಕೈ ಒಂದೇ, ಕಾಳು ಮೂರು ಸಾಲಿಗೆ ಒಟ್ಟಿಗೆ ಬೀಳುತ್ತಿತ್ತು. ಮೂರು ತಾಳಿನ ಕೂರಿಗೆ, ನಾಲ್ಕು ತಾಳಿನ ಕೂರಿಗೆ ಎನ್ನುವ ಹಾಗೆ 'ಹನ್ನೊಂದು ತಾಳು ಹಾಕು' ಎಂದರೆ ಈಗ ನಮ್ಮ ಕ್ಲಾಸಿನಲ್ಲಿ ಎಲ್ಲರಿಗೂ ತಿಳಿಯುತ್ತದೆ.

ಒಂದು ಕೊರತೆ ಇದೆ. ಕೂರಿಗೆಯ ತಾಳುಗಳ ಅಂತರ ಒಂದೇ ಇರುತ್ತದೆ. ಎಡಿಟರಿನಲ್ಲಿ ಆಲ್ಟ್ ಹಿಡಿದು ಎಲ್ಲಿ ಬೇಕಾದರಲ್ಲಿ ಕ್ಲಿಕ್ ಮಾಡಿ ಕರ್ಸರ್ ಇಡಬಹುದು. ಅದು ಕೈಯಿಂದ ಅಲ್ಲಲ್ಲಿ ಕಾಳು ಊರಿದ ಹಾಗೆ. ಆ ಕ್ರಿಯೆಗೆ 'ಕರ್ಸರ್ ಊರು' ಎಂದು ಬರೆದಿದ್ದೇನೆ. ಇದು ನನಗೆ ಬಹಳ ಹಿಡಿಸಿದೆ.

ಕನ್ನಡ ಪಠ್ಯದ ವಿಷಯವನ್ನೂ ಟಿಪ್ಪಣಿಯಲ್ಲಿ ಸೇರಿಸಬೇಕು. ಇಂಗ್ಲಿಷ್ ಕೋಡಿನಲ್ಲಿ ಅಕ್ಷರಗಳೆಲ್ಲ ಒಂದೇ ಅಗಲ, ಅಂಕಣ ನೆಟ್ಟಗೆ ನಿಲ್ಲುತ್ತದೆ. ಕನ್ನಡದಲ್ಲಿ ಸೊಟ್ಟಗಾಗುತ್ತದೆ. 'ಕಲಬುರಗಿ' ನಮ್ಮ ಕಣ್ಣಿಗೆ 5 ಅಕ್ಷರ, ಕಂಪ್ಯೂಟರ್ ಅಕ್ಷರಗಳನ್ನು ಗುರುತಿಸುವ ಯುನಿಕೋಡ್ ಲೆಕ್ಕದಲ್ಲಿ 7 ಸಂಕೇತ. 'ಸ್ತ್ರೀ' ಒಂದೇ ಅಕ್ಷರ, ಒಳಗೆ 6 ಸಂಕೇತ. ಎಡಿಟರ್ ಎಣಿಸುವ ಜಾಗವೇ ಬೇರೆ, ನಮಗೆ ಕಾಣುವ ಜಾಗವೇ ಬೇರೆ. ಹಾಗಾಗಿ ಕನ್ನಡ ಸಾಲುಗಳಲ್ಲಿ ಅಂಕಣ ಹಿಡಿಯುವ ಬದಲು ಸಾಲಿನ ಮೊದಲಿಗೋ ಕೊನೆಗೋ ತಾಳು ಹಾಕಿ ಎಂದು ಹೇಳುತ್ತೇನೆ. ಎರಡು ಕೆಲಸಕ್ಕೆ ಎರಡು ಪದ ಇದ್ದರೆ ಇಂಥ ಮಾತು ಒಂದೇ ಸಾಲಿನಲ್ಲಿ ಮುಗಿಯುತ್ತದೆ.

ಈಗ ನನ್ನ ಪ್ರಶ್ನೆಗಳು. 'ಅಂಕಣ ಹಿಡಿ' ಎಂದರೆ ದಕ್ಷಿಣದ ಜಿಲ್ಲೆಗಳ ಓದುಗರಿಗೆ ಅರ್ಥ ಆಗುತ್ತದೆಯೇ, ಅಥವಾ ಪತ್ರಿಕೆಯ ಅರ್ಥ ಅಡ್ಡ ಬರುತ್ತದೆಯೇ? ಕೂರಿಗೆಯ ತಾಳಿಗೆ ನಿಮ್ಮ ಕಡೆ ಬೇರೆ ಹೆಸರಿದೆಯೇ? ಯಾದಗಿರಿಯವರನ್ನು ವಿಶೇಷವಾಗಿ ಕೇಳುತ್ತಿದ್ದೇನೆ. ಶಹಾಪುರ, ಸುರಪುರ ಕಡೆ ಕಾಲುವೆ ನೀರಿಗೆ ಭತ್ತ ನಾಟಿ ಮಾಡುವ ಊರುಗಳು ಬಹಳ. ಅಲ್ಲಿನ ಈಗಿನ ಹುಡುಗರಿಗೆ ಕೂರಿಗೆ ಎಂದರೆ ಕಣ್ಣ ಮುಂದೆ ಏನಾದರೂ ಬರುತ್ತದೆಯೇ? ಮನೆಯಲ್ಲಿ ಒಬ್ಬರನ್ನಾದರೂ ಕೇಳಿ ಬರೆಯಿರಿ. ಟಿಪ್ಪಣಿ ಮುಂದಿನ ಬ್ಯಾಚಿಗೆ ಕೊಡಬೇಕು.