30 ಸೆಕೆಂಡಿಗೊಮ್ಮೆ ಕ್ಯಾಮೆರಾ ಚಿತ್ರ ಒಡೀತದೆ: ಸ್ವಿಚ್ಚಾ, ಸರ್ವರ್ರಾ?

ಪ್ರಶ್ನೆ (ಗಂಗಾವತಿ, ಕೊಪ್ಪಳ)
ರೈಸ್ ಮಿಲ್ಲಿನಲ್ಲಿ 16 ಐಪಿ ಕ್ಯಾಮೆರಾ, ಒಂದೊಂದೂ 4 ಎಂಬಿಪಿಎಸ್, ಎಲ್ಲಾ ಯುಡಿಪಿ (ಕಳೆದುಹೋದ ಪ್ಯಾಕೆಟ್ಟನ್ನ ಮತ್ತೆ ಕಳಿಸದ ವಿಧಾನ). ರೆಕಾರ್ಡಿಂಗ್ ಲಿನಕ್ಸ್ ಸರ್ವರಿನಲ್ಲಿ: 8 ಜಿಬಿ ರ್ಯಾಮ್, ಒಂದೇ ಹಾರ್ಡ್ ಡಿಸ್ಕ್, ಎಕ್ಸ್‌ಟಿ4 ಫೈಲ್ ಸಿಸ್ಟಮ್. ಹೆಚ್ಚುಕಡಿಮೆ 30 ಸೆಕೆಂಡಿಗೊಮ್ಮೆ ಎಲ್ಲಾ ಚಿತ್ರಗಳೂ ಒಟ್ಟಿಗೇ ಚೌಕ ಚೌಕ ಆಗಿ ಒಡೀತಾವೆ. ಪಿಂಗ್ ಸರಿ ಇದೆ, ಸ್ವಿಚ್ ಪೋರ್ಟುಗಳಲ್ಲಿ ಎರರ್ ಸೊನ್ನೆ. ಎಲ್ಲಿ ಹುಡುಕಬೇಕ್ರಿ?

ಉತ್ತರ (ಬಳ್ಳಾರಿ)
ಎಲ್ಲಾ ಒಟ್ಟಿಗೇ ಒಡೀತಾವೆ ಅಂದ್ರೆ ಕೇಬಲ್ ತಂಟೆ ಬಿಡ್ರಿ, ಡಿಸ್ಕ್ ನೋಡ್ರಿ. ಬರೆದದ್ದನ್ನ ಲಿನಕ್ಸ್ ತಕ್ಷಣ ಡಿಸ್ಕಿಗೆ ಹಾಕೋದಿಲ್ಲ, ರ್ಯಾಮಿನೊಳಗೆ ಪೇಜ್ ಕ್ಯಾಶ್ ಅನ್ನೋ ಜಾಗದಲ್ಲಿ ಇಟ್ಟಿರ್ತದೆ. ಅದನ್ನ ಸಾಗಿಸೋ ಫ್ಲಶರ್ 5 ಸೆಕೆಂಡಿಗೊಮ್ಮೆ ಎದ್ದು, 30 ಸೆಕೆಂಡು ದಾಟಿದ ಡರ್ಟಿ (ಇನ್ನೂ ಡಿಸ್ಕಿಗೆ ಹೋಗದ) ಪೇಜುಗಳನ್ನ ಡಿಸ್ಕಿಗೆ ತಳ್ತದೆ, ಡಿಫಾಲ್ಟ್ ಅದೇ. ನಿಮ್ಮದು ಸೆಕೆಂಡಿಗೆ 8 ಎಂಬಿ, ಅಂದ್ರೆ 30 ಸೆಕೆಂಡಿಗೆ 240 ಎಂಬಿ. ಅದು 16 ಫೈಲಿಗೆ ಹಂಚಿ ಹೋಗುವಾಗ ಹೆಡ್ ಓಡಾಡಿ ಡಿಸ್ಕ್ ಸೆಕೆಂಡುಗಟ್ಟಲೆ ಬಿಡುವಿಲ್ಲದಂತಾಗ್ತದೆ. ಆಗ ರೆಕಾರ್ಡರಿನ ರೈಟ್ ಕಾಲ್ ಜರ್ನಲ್ ಕಮಿಟ್‌ಗೆ (ಎಕ್ಸ್‌ಟಿ4 ತನ್ನ ಬದಲಾವಣೆಗಳ ದಾಖಲೆ ಬರೆದು ಮುಗಿಸೋದಕ್ಕೆ) ಕಾದು ನಿಂತ್ರೆ, ಕ್ಯಾಮೆರಾದ ಡೇಟಾ ಬರೋ ಸಾಕೆಟ್ ಓದೋರು ಯಾರೂ ಇಲ್ಲ. ಬಂದ ಪ್ಯಾಕೆಟ್ ಕಾಯೋ ರಿಸೀವ್ ಬಫರ್ ಡಿಫಾಲ್ಟ್ ಸಾಕೆಟ್ಟಿಗೆ 212992 ಬೈಟ್. ಸೆಕೆಂಡಿಗೆ ಅರ್ಧ ಎಂಬಿ ಕಳಿಸೋ ಕ್ಯಾಮೆರಾ ಅದನ್ನ ಅರ್ಧ ಸೆಕೆಂಡಿನೊಳಗೇ ತುಂಬಿಸ್ತದೆ. ಆಮೇಲೆ ಬಂದ ಪ್ಯಾಕೆಟ್ಟನ್ನ ಕರ್ನಲ್ (ಲಿನಕ್ಸಿನ ತಿರುಳು) ಬಿಸಾಕ್ತದೆ. ಪಿಂಗಿಗೆ ಕರ್ನಲ್ಲೇ ಉತ್ತರ ಕೊಡೋದ್ರಿಂದ ಅಲ್ಲಿ ಏನೂ ಕಾಣೋದಿಲ್ಲ.

ಖಾತ್ರಿ ಮಾಡ್ಕೊಳ್ಳೋಕೆ ಎನ್‌ಸ್ಟಾಟ್ ಕಮ್ಯಾಂಡಿನಲ್ಲಿ ಯುಡಿಪಿ ರಿಸೀವ್ ಬಫರ್ ಎರರ್, ಮೆಮ್‌ಇನ್ಫೋ ಫೈಲಿನಲ್ಲಿ ಡರ್ಟಿ ಮತ್ತು ರೈಟ್‌ಬ್ಯಾಕ್ (ಈಗ ಡಿಸ್ಕಿಗೆ ಹೋಗ್ತಿರೋದು) ಸಾಲು, ಎರಡನ್ನೂ ಪಕ್ಕಪಕ್ಕದಲ್ಲಿ ಸೆಕೆಂಡಿಗೊಮ್ಮೆ ನೋಡ್ರಿ. ರೈಟ್‌ಬ್ಯಾಕ್ ಏರಿದಾಗಲೇ ಎರರ್ ಜಿಗಿದ್ರೆ ಇದೇ ಕಾರಣ.

ಉತ್ತರ (ರಾಯಚೂರು)
ಮೇಲಿನವರು ಹೇಳಿದ್ದು ಸರಿ. ಡರ್ಟಿ ಬ್ಯಾಕ್‌ಗ್ರೌಂಡ್ ಬೈಟ್ಸ್ (ಎಷ್ಟು ಡರ್ಟಿ ಆದ್ರೆ ಫ್ಲಶ್ ಶುರು ಅನ್ನೋ ಕರ್ನಲ್ ಸೆಟ್ಟಿಂಗ್) 16 ಎಂಬಿಗೆ ಇಳಿಸ್ರಿ. ಎರಡು ಸೆಕೆಂಡಿನ ಡೇಟಾ ಸೇರಿದ ಕೂಡಲೇ ಫ್ಲಶ್ ಶುರುವಾಗಿ, ಒಮ್ಮೆಲೇ ಹೊರೆ ಬೀಳೋದು ತಪ್ಪುತ್ತದೆ. ಬೈಟ್ಸ್ ಕೊಟ್ರೆ ಅದೇ ಮಿತಿಯನ್ನ ಶೇಕಡಾದಲ್ಲಿ ಹೇಳೋ ರೇಶಿಯೋ ತಾನೇ ಸೊನ್ನೆ ಆಗ್ತದೆ, ಗಾಬರಿ ಬೇಡ. ಆದ್ರೆ ಡರ್ಟಿ ಬೈಟ್ಸ್ ಅನ್ನೋ ಗರಿಷ್ಠ ಮಿತಿಯನ್ನ ಅದರ ಜೊತೆಗೇ ಸಣ್ಣದು ಮಾಡಬೇಡ್ರಿ. ಆ ಮಿತಿ ಹತ್ತಿರ ಬಂದ್ರೆ ಬರೆಯೋ ಪ್ರೋಗ್ರಾಮನ್ನೇ ಕರ್ನಲ್ ತಡೆದು ನಿಲ್ಲಿಸ್ತದೆ, ಲಾಸ್ ಇನ್ನೂ ಜಾಸ್ತಿ.

ರಿಸೀವ್ ಮೆಮೊರಿ ಮ್ಯಾಕ್ಸ್ 8 ಎಂಬಿ ಮಾಡ್ರಿ. ಅದೊಂದೇ ಸಾಲದು, ರೆಕಾರ್ಡರ್ ಸೆಟ್ಟಿಂಗಿನಲ್ಲೂ ಅಷ್ಟೇ ಬಫರ್ ಕೇಳಬೇಕು. ಈ ಕರ್ನಲ್ ಸೆಟ್ಟಿಂಗುಗಳನ್ನ ಉಳಿಸೋ ಸಿಸ್‌ಸಿಟಿಎಲ್ ಫೈಲಿಗೆ ಬರೀದಿದ್ರೆ ರೀಬೂಟಿಗೆ ಎಲ್ಲಾ ಹೋಗ್ತದೆ. ಪ್ರೋಗ್ರಾಮ್ ನಿಮ್ಮದೇ ಆಗಿದ್ರೆ ಸಾಕೆಟ್ ಓದೋ ಥ್ರೆಡ್ ಬೇರೆ, ಡಿಸ್ಕಿಗೆ ಬರೆಯೋ ಥ್ರೆಡ್ ಬೇರೆ ಇಟ್ಟು ನಡುವೆ ಕ್ಯೂ ಹಾಕ್ರಿ. ಪಕ್ಕಾ ಪರಿಹಾರ ಅದೇ. ಉಳಿದದ್ದೆಲ್ಲ ತಡ್ಕೊಳ್ಳೋ ಹೊತ್ತನ್ನ ಹೆಚ್ಚಿಸೋದಷ್ಟೇ.

ಪ್ರಶ್ನೆ (ಗಂಗಾವತಿ)
ಯುಡಿಪಿ ಬಿಟ್ಟು, ಕಳೆದದ್ದನ್ನ ಮತ್ತೆ ಕಳಿಸೋ ಟಿಸಿಪಿಗೆ ಬದಲಿಸಿದ್ರೆ ಸಾಕಾ ಸರ್?

ಉತ್ತರ (ಬಳ್ಳಾರಿ)
ಸಣ್ಣ ತಡೆಗೆ ಸಾಕು. ನಮ್ಮ ಬಫರ್ ತುಂಬಿದ್ರೆ ಕ್ಯಾಮೆರಾ ಕಳಿಸೋದನ್ನ ನಿಲ್ಲಿಸ್ತದೆ. ಸೆಕೆಂಡುಗಟ್ಟಲೆ ನಿಂತ್ರೆ ಕ್ಯಾಮೆರಾದೊಳಗಿನ ಬಫರೇ ತುಂಬಿ ಫ್ರೇಮ್ ಅಲ್ಲೇ ಬೀಳ್ತದೆ, ಸರ್ವರಿನ ಯಾವ ಕೌಂಟರಿನಲ್ಲೂ ಕಾಣೋದಿಲ್ಲ. ಮೊದಲು ಫ್ಲಶ್ ಸರಿ ಮಾಡ್ರಿ.