ಇಳಿಜಾರು ಜಮೀನಿನಲ್ಲಿ ಮನೆಗೆ ಜಾಗ ಎಲ್ಲಿ: ರಸ್ತೆ ಪಕ್ಕವೋ, ನಡುವಿನ ಸಮತಟ್ಟೋ, ನೆತ್ತಿಯೋ?

ಪ್ರಶ್ನೆ
ಎರಡು ಎಕರೆ ಜಮೀನು. ರಸ್ತೆ ಕೆಳಬದಿಗಿದೆ, ಅಲ್ಲಿಂದ ಹಿಂದಕ್ಕೆ 400 ಅಡಿಗೆ ಸುಮಾರು 32 ಅಡಿ ಏರು. ಬಾವಿ ರಸ್ತೆ ಪಕ್ಕ, ಎಡ ಮೂಲೆಯಲ್ಲಿ. ಜಮೀನಿನ ನಡುಮಧ್ಯ 60 ಅಡಿ ಅಗಲದ ಸಮತಟ್ಟು ಜಾಗವಿದೆ. ಮಟ್ಟ ಮಾಡುವ ಖರ್ಚು ಉಳಿಯುತ್ತದೆಂದು ಅಲ್ಲೇ ಮನೆ ಕಟ್ಟುವ ಯೋಚನೆ. ಸರಿಯೇ? ಪಾಯ ತೋಡುವ ಮೊದಲು ಏನೇನು ನೋಡಬೇಕು?

ಉತ್ತರ 1
ಇಳಿಜಾರಿನ ನಡುವೆ ಸಮತಟ್ಟು ಕಂಡರೆ ಮೊದಲು ಅನುಮಾನ ಪಡಿ. ಯಾರೋ ಹಿಂದೆ ಮಣ್ಣು ತುಂಬಿಸಿರಬಹುದು, ಇಲ್ಲವೇ ಮೇಲಿನಿಂದ ಹರಿದು ಬಂದ ಹೂಳು ಅಲ್ಲಿ ನಿಂತಿರಬಹುದು. ಮನೆ ಬರುವ ಜಾಗದ ನಾಲ್ಕು ಮೂಲೆ ಮತ್ತು ನಡುವೆ ಒಂದೊಂದು ಗುಂಡಿ, 6 ಅಡಿ ಆಳಕ್ಕೆ ತೋಡಿಸಿ. ಗುಂಡಿಯ ಗೋಡೆ ಕುಸಿಯುವಂತಿದ್ದರೆ ಒಳಗೆ ಇಳಿಯಬೇಡಿ, ಮೇಲೆ ಬಂದ ಮಣ್ಣನ್ನು ಆಳದ ಕ್ರಮದಲ್ಲಿ ಸಾಲಾಗಿ ಹಾಕಿಸಿ ನೋಡಿ.

ಇಟ್ಟಿಗೆ ಚೂರು, ಇದ್ದಿಲು, ಪ್ಲಾಸ್ಟಿಕ್ ಸಿಕ್ಕರೆ ಅದು ತುಂಬಿದ ಮಣ್ಣು. ಬೇರಿನ ನಾರು ತುಂಬಿದ ಕಪ್ಪು ಮೇಲ್ಮಣ್ಣು ಇನ್ನೊಂದು ಪದರದ ಕೆಳಗೆ ಹೂತಿದ್ದರೂ ಅದೇ ಕಥೆ. ಹೆಂಟೆಯೊಂದನ್ನು ಮುರಿದು ಒಳಗಿನ ಬಣ್ಣ ನೋಡಿ. ಬೂದು ಮಣ್ಣಿನಲ್ಲಿ ತುಕ್ಕಿನ ಬಣ್ಣದ ಚುಕ್ಕೆಗಳಿದ್ದರೆ, ಬೇಸಿಗೆಯಲ್ಲಿ ಒಣಗಿದ್ದರೂ ಮಳೆಗಾಲದಲ್ಲಿ ಆ ಆಳದವರೆಗೆ ನೀರು ಏರಿ ನಿಲ್ಲುತ್ತದೆ ಎಂದರ್ಥ. ಮೇಲೆ ಜೇಕು, ಜೊಂಡು ಬೆಳೆದಿದ್ದರೂ ಅದೇ ಸುಳಿವು.

ಆಮೇಲೆ ಒದ್ದೆ ಮಣ್ಣನ್ನು ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಒತ್ತಿ ಪಟ್ಟಿ ಹೊರಡಿಸಿ. ಮುರಿಯದೆ 2 ಅಂಗುಲ ದಾಟಿ ಬಂದರೆ ಜಿಗುಟು ಎರೆಮಣ್ಣು. ಅದು ನೆನೆದಾಗ ಉಬ್ಬಿ ಒಣಗಿದಾಗ ಕುಗ್ಗುತ್ತದೆ, ಮಾಮೂಲಿ ಪಾಯ ಅಲ್ಲಿ ತಾಳದು. ಅಂಥ ಮಣ್ಣು ಸಿಕ್ಕರೆ ಎಂಜಿನಿಯರ್ ಕೈಲಿ ಉಬ್ಬುವಿಕೆಯ ಪರೀಕ್ಷೆ ಮಾಡಿಸದೆ ಮುಂದೆ ಹೋಗಬೇಡಿ. ಗರಸು, ಗಟ್ಟಿ ಗೊಚ್ಚುಮಣ್ಣು ಸಿಕ್ಕರೆ ನೆಮ್ಮದಿ.

ಇನ್ನೊಂದು ತಪ್ಪು ತುಂಬ ಕಡೆ ಆಗುತ್ತದೆ: ಮನೆಯ ಅರ್ಧ ಕಡಿದ ನೆಲದ ಮೇಲೆ, ಅರ್ಧ ತುಂಬಿದ ನೆಲದ ಮೇಲೆ. ತುಂಬಿದ ಕಡೆ ಮಳೆಯಿಂದ ಮಳೆಗೆ ಇಳಿಯುತ್ತಾ ಹೋಗುತ್ತದೆ, ಗೋಡೆ ಕಿಟಕಿಯ ಮೂಲೆಗಳಿಂದ ಓರೆಯಾಗಿ ಸೀಳುತ್ತದೆ. ಪಾಯವೆಲ್ಲ ಹುಟ್ಟುಮಣ್ಣಿನ (ಯಾರೂ ತುಂಬದ, ಮೊದಲಿಂದ ಇರುವ ಮಣ್ಣು) ಮೇಲೇ ಕೂರಲಿ. ಕಡಿದ ಮಣ್ಣು ಅಂಗಳಕ್ಕೆ ಹೋಗಲಿ.

ಉತ್ತರ 2
ಮೇಲಿನ ಮಾತೆಲ್ಲ ಸರಿ, ಆದರೆ ನನ್ನ ಪ್ರಕಾರ ಮನೆಗಿಂತ ಮೊದಲು ಇಂಗುಗುಂಡಿಯ (ಸೆಪ್ಟಿಕ್ ಟ್ಯಾಂಕಿನಿಂದ ಬಂದ ನೀರು ನೆಲಕ್ಕೆ ಇಂಗುವ ಗುಂಡಿ) ಜಾಗ ಗೊತ್ತಾಗಬೇಕು. ನಿಮ್ಮ ಬಾವಿ ಕೆಳಗಿದೆ, ಮನೆ ಎಲ್ಲೇ ಕಟ್ಟಿದರೂ ಕೊಳಚೆ ಅದರ ದಿಕ್ಕಿಗೇ ಇಳಿಯುತ್ತದೆ. ಬಾವಿಯಿಂದ ಸೆಪ್ಟಿಕ್ ಟ್ಯಾಂಕ್ 50 ಅಡಿ, ಇಂಗುಗುಂಡಿ 100 ಅಡಿಗೆ ಕಡಿಮೆ ಇರಬಾರದು. ನೇರ ಮೇಲ್ಭಾಗದಲ್ಲಿದ್ದರೆ ಈ ಅಂತರವೂ ಸಾಲದಿರಬಹುದು. ಬಾವಿ ಎಡ ಮೂಲೆಯಲ್ಲಿದೆಯಾದ್ದರಿಂದ ಗುಂಡಿ ಬಲ ಅಂಚಿಗೆ ಬರಲಿ. ಪಕ್ಕದ ಜಮೀನಿನವರ ಬಾವಿ ಎಲ್ಲಿದೆ ಎಂದೂ ನೋಡಿ, ಅವರೂ ಅದೇ ನೀರು ಕುಡಿಯುತ್ತಾರೆ.

ಮಣ್ಣು ಹೀರುತ್ತದೋ ಇಲ್ಲವೋ ಅಳೆಯುವುದು ಹೀಗೆ. 1 ಅಡಿ ಅಗಲ, 3 ಅಡಿ ಆಳದ ಗುಂಡಿ ತೋಡಿ, ಗೋಡೆಯನ್ನು ಕೆರೆದು ಒರಟು ಮಾಡಿ (ಗುದ್ದಲಿ ಸವರಿದ ನುಣುಪು ಮುಖ ನೀರು ಬಿಡುವುದಿಲ್ಲ). ನೀರು ತುಂಬಿ ರಾತ್ರಿಯಿಡೀ ನೆನೆಯಲು ಬಿಡಿ. ಮಾರನೇ ದಿನ 6 ಅಂಗುಲ ನೀರು ಹಾಕಿ ಅರ್ಧ ಗಂಟೆಗೊಮ್ಮೆ ಮಟ್ಟ ಅಳೆಯಿರಿ. 1 ಅಂಗುಲ ಇಳಿಯಲು 60 ನಿಮಿಷ ಮೀರಿದರೆ ಅಲ್ಲಿ ಇಂಗುಗುಂಡಿ ತುಂಬಿ ಉಕ್ಕುತ್ತದೆ. ಎರಡು-ಮೂರು ನಿಮಿಷಕ್ಕೇ ಇಳಿದರೂ ಖುಷಿಪಡಬೇಡಿ, ಸೋಸದೆ ಬಾವಿ ಸೇರುವ ಅಪಾಯವಿದೆ. ನೆನೆಸದೆ ಒಣ ಮಣ್ಣಿನಲ್ಲಿ ಅಳೆದ ಲೆಕ್ಕ ಸುಳ್ಳು ಹೇಳುತ್ತದೆ.

ಉತ್ತರ 3
ನೆತ್ತಿಯ ಆಸೆ ಬಿಡಿ. ನೋಟ ಚೆನ್ನಾಗಿರುತ್ತದೆ, ಗಾಳಿಯ ಹೊಡೆತವೂ ಅಲ್ಲೇ ಜಾಸ್ತಿ. ತೀರಾ ಕೆಳಗೆ ನೀರು, ರಾತ್ರಿಯ ತಂಪು ಗಾಳಿ, ಮಂಜು ಎಲ್ಲ ಬಂದು ಸೇರುತ್ತವೆ. ನೆತ್ತಿಗಿಂತ ಸ್ವಲ್ಪ ಕೆಳಗಿನ ಹೆಗಲು ಒಳ್ಳೆಯದು.

ದಾರಿ 100 ಅಡಿಗೆ 12 ಅಡಿಗಿಂತ ಹೆಚ್ಚು ಏರದಿರಲಿ, ಇಲ್ಲದಿದ್ದರೆ ಜಲ್ಲಿ ತುಂಬಿದ ಲಾರಿ ಮಳೆಯಲ್ಲಿ ಹತ್ತುವುದಿಲ್ಲ. ನಿಮ್ಮದು ಸರಾಸರಿ 8, ತೊಂದರೆಯಿಲ್ಲ. ತಂತಿಯ ಲೆಕ್ಕ ಜನ ಮರೆಯುತ್ತಾರೆ: ಕಂಬದಿಂದ ಮನೆಗೆ 100 ಮೀಟರ್, 20 ಆಂಪಿಯರ್ ಹೊರೆ ಇದ್ದರೆ 10 ಚದರ ಮಿಲಿಮೀಟರ್ ಅಲ್ಯೂಮಿನಿಯಂ ತಂತಿಯಲ್ಲಿ ಸುಮಾರು 11 ವೋಲ್ಟ್ ಕಳೆದುಹೋಗುತ್ತದೆ, 16ರದಾದರೆ 7. ಮೋಟರ್ ಶುರುವಾದಾಗ ದೀಪ ಮಂಕಾಗುವುದು ಇದರಿಂದಲೇ.

ನೀರಿನ ಟ್ಯಾಂಕ್ ಮಾತ್ರ ನೆತ್ತಿಯಲ್ಲಿಡಿ. 33 ಅಡಿ ಎತ್ತರಕ್ಕೆ ಸುಮಾರು ಒಂದು ಬಾರ್ ಒತ್ತಡ ಸಿಗುತ್ತದೆ.

ಪ್ರಶ್ನೆ ಕೇಳಿದವರು
ಎಲ್ಲರಿಗೂ ಧನ್ಯವಾದ. ಸಮತಟ್ಟಿನಲ್ಲಿ ಗುಂಡಿ ತೋಡಿಸಿದೆ. ಮೂರು ಅಡಿಗೇ ಬೂದು ಮಣ್ಣು, ತುಕ್ಕಿನ ಚುಕ್ಕೆ. ನೀರಿಲ್ಲ. ಅದರ ಮೇಲಿನ ಏರಿನಲ್ಲಿ ಗರಸು. ಬಸಿಗಾಲುವೆ ತೋಡಿದರೆ ಸಮತಟ್ಟಿನಲ್ಲೇ ಕಟ್ಟಬಹುದೇ?

ಉತ್ತರ 1
ಬೇಡ. ಕಾಲುವೆಯು ನೆಲದ ಮೇಲೆ ಹರಿಯುವ ನೀರನ್ನು ತಿರುಗಿಸುತ್ತದೆ. ಕೆಳಗಿನಿಂದ ಏರುವ ನೀರಿಗೆ ಅಷ್ಟರಿಂದ ಆಗದು, ಕಾಲುವೆ ಹೂತುಹೋದ ವರ್ಷ ನೆಲ ಒದ್ದೆಯಾಗುತ್ತದೆ. ಗರಸು ಸಿಕ್ಕ ಕಡೆಗೆ ಮನೆ ಸರಿಸಿ, ಉದ್ದಬದಿಯನ್ನು ಏರಿಗೆ ಅಡ್ಡವಾಗಿಡಿ, ಕಡಿಯುವ ಆಳ ಕಡಿಮೆಯಾಗುತ್ತದೆ. ಮೇಲ್ಬದಿಯ ಗೋಡೆಯಿಂದ 10 ಅಡಿ ದೂರಕ್ಕೆ ಒಂದೂವರೆ ಅಡಿ ಆಳದ ಕಾಲುವೆ, 100 ಅಡಿಗೆ 1 ಅಡಿ ಇಳಿತ, ಕೊನೆ ಬಾವಿಯ ಕಡೆಗಲ್ಲ. ಗೋಡೆ ಸುತ್ತ 10 ಅಡಿಯಲ್ಲಿ ನೆಲ 6 ಅಂಗುಲ ಹೊರಕ್ಕೆ ಇಳಿಯಬೇಕು. ಸಮತಟ್ಟನ್ನು ಕೈತೋಟಕ್ಕೆ ಬಿಡಿ.